ಮುಚ್ಚಿಟ್ಟ ತಪ್ಪಿಗೆ ಕ್ಷಮೆ ಎಲ್ಲಿ? ಬೋಯಿಂಗ್ ಪ್ರಕರಣ ಮತ್ತು ನಮ್ಮ ಆತ್ಮಶೋಧನೆ

"ಕಳೆದ ವರ್ಷ ನಾನು ಮಾಡಿದ ಮುಚ್ಚುಮರೆಗೆ ದೇವರು ನನ್ನನ್ನು ಇನ್ನೂ ಕ್ಷಮಿಸಿಲ್ಲ."

ಇದು ಪಾಪನಿವೇದನೆಗೆ ಬಂದ ಭಕ್ತರೊಬ್ಬರ ಮಾತಲ್ಲ. ಅಮೆರಿಕದ ವಿಮಾನ ತಯಾರಿಕಾ ಸಂಸ್ಥೆ ಬೋಯಿಂಗ್‌ನ ಉದ್ಯೋಗಿಯೊಬ್ಬರು 2018ರಲ್ಲಿ ತಮ್ಮ ಸಹೋದ್ಯೋಗಿಗೆ ಕಳುಹಿಸಿದ ಸಂದೇಶದ ಸಾರ. ವಿಮಾನಯಾನ ನಿಯಂತ್ರಣ ಅಧಿಕಾರಿಗಳೊಂದಿಗೆ ತಾವು ನಡೆಸಿದ ವ್ಯವಹಾರದ ಬಗ್ಗೆ ಅವರು ಹಾಗೆ ಬರೆದಿದ್ದರು. 2020ರ ಜನವರಿಯಲ್ಲಿ ಸಂಸ್ಥೆ ಅಮೆರಿಕದ ಸಂಸತ್ತಿಗೆ ಒಪ್ಪಿಸಿದ ನೂರಕ್ಕೂ ಹೆಚ್ಚು ಪುಟಗಳ ದಾಖಲೆಗಳಲ್ಲಿ ಈ ಸಾಲು ಬೆಳಕಿಗೆ ಬಂತು. ಅಷ್ಟರಲ್ಲಿ ಆ ಸಂಸ್ಥೆಯ 737 ಮ್ಯಾಕ್ಸ್ ಮಾದರಿಯ ಎರಡು ವಿಮಾನಗಳು ನೆಲಕ್ಕಪ್ಪಳಿಸಿ 346 ಮಂದಿ ಪ್ರಾಣ ಕಳೆದುಕೊಂಡಿದ್ದರು.

ಬೋಯಿಂಗ್ ಕುರಿತು ಕಳೆದ ಕೆಲವು ವರ್ಷಗಳಿಂದ ಪತ್ರಿಕೆಗಳಲ್ಲಿ ಬಹಳಷ್ಟು ಬಂದಿದೆ. ಷೇರು ಬೆಲೆ, ನಷ್ಟ, ಮುಷ್ಕರ, ಮೊಕದ್ದಮೆ ಎಲ್ಲವನ್ನೂ ಓದಿದ್ದೇವೆ. ಆದರೆ ಈ ಪ್ರಕರಣದ ತಿರುಳು ಮೇಲಿನ ಆ ಒಂದು ಸಾಲಿನಲ್ಲಿದೆ ಎಂದು ನನಗೆ ಅನಿಸುತ್ತದೆ. ತಪ್ಪು ನಡೆಯುತ್ತಿದೆ ಎಂಬುದು ಒಳಗಿದ್ದ ಕೆಲವರಿಗೆ ಗೊತ್ತಿತ್ತು. ಅವರ ಮನಸ್ಸಾಕ್ಷಿ ಚುಚ್ಚುತ್ತಲೂ ಇತ್ತು. ಆದರೆ ಆ ಮನಸ್ಸಾಕ್ಷಿಯ ದನಿ ತಲುಪಬೇಕಾದ ಕಡೆ ತಲುಪಲಿಲ್ಲ, ತಲುಪಿದಾಗಲೂ ಕೇಳುವವರಿರಲಿಲ್ಲ.

ಎರಡು ದುರಂತಗಳು

2018ರ ಅಕ್ಟೋಬರ್ 29ರ ಬೆಳಿಗ್ಗೆ ಇಂಡೋನೇಷ್ಯಾದ ಲಯನ್ ಏರ್ ಸಂಸ್ಥೆಯ ವಿಮಾನವೊಂದು ಜಕಾರ್ತಾದಿಂದ ಹೊರಟು ಕೆಲವೇ ನಿಮಿಷಗಳಲ್ಲಿ ಜಾವಾ ಸಮುದ್ರಕ್ಕೆ ಬಿತ್ತು. ಅದರಲ್ಲಿದ್ದ 189 ಮಂದಿಯೂ ಸತ್ತರು. ವಿಮಾನ ನಡೆಸುತ್ತಿದ್ದ ಕ್ಯಾಪ್ಟನ್ ದೆಹಲಿಯವರಾಗಿದ್ದರು. 2019ರ ಮಾರ್ಚ್ 10ರಂದು, ಭಾನುವಾರ, ಇಥಿಯೋಪಿಯನ್ ಏರ್‌ಲೈನ್ಸ್‌ನ ಅದೇ ಮಾದರಿಯ ವಿಮಾನ ಅಡಿಸ್ ಅಬಾಬಾದಿಂದ ನೈರೋಬಿಗೆ ಹೊರಟು ಆರು ನಿಮಿಷಗಳಲ್ಲಿ ಹೊಲವೊಂದಕ್ಕೆ ಅಪ್ಪಳಿಸಿತು. 157 ಮಂದಿ ಸತ್ತರು. ಅವರಲ್ಲಿ ನಾಲ್ವರು ಭಾರತೀಯರು. ಕೀನ್ಯಾದ ಕನ್ಸೊಲಾಟಾ ಸಭೆಯ ಒಬ್ಬ ಧರ್ಮಗುರುವೂ ಇದ್ದರು. ಭಾರತದಲ್ಲಿಯೂ ದಶಕಗಳಿಂದ ಸೇವೆ ಸಲ್ಲಿಸುತ್ತಿರುವ ಕ್ಯಾಥೊಲಿಕ್ ರಿಲೀಫ್ ಸರ್ವಿಸಸ್ ಸಂಸ್ಥೆಯ ನಾಲ್ವರು ಇಥಿಯೋಪಿಯಾದ ಕಾರ್ಯಕರ್ತರು ತರಬೇತಿಗೆಂದು ಹೊರಟವರು ಹಿಂದಿರುಗಲಿಲ್ಲ. ಧರ್ಮಸಭೆಯ ಕೆಲಸದಲ್ಲಿರುವ ನಮಗೆ ಈ ಸಾವುಗಳು ದೂರದ ಸುದ್ದಿಯಲ್ಲ.

ಎರಡೂ ವಿಮಾನಗಳನ್ನು ಕೆಳಕ್ಕೆ ತಳ್ಳಿದ್ದು ಒಂದೇ ತಂತ್ರಾಂಶ. ಅದರ ಹೆಸರು ಎಂಕ್ಯಾಸ್. ಅದು ವಿಮಾನದೊಳಗೆ ಹೇಗೆ ಬಂತು ಎಂದು ತಿಳಿದರೆ ಉಳಿದದ್ದು ಅರ್ಥವಾಗುತ್ತದೆ.

ಬೋಯಿಂಗ್ 737 ಮೊದಲ ಬಾರಿಗೆ ಹಾರಿದ್ದು 1967ರಲ್ಲಿ. ಯುರೋಪಿನ ಪ್ರತಿಸ್ಪರ್ಧಿ ಏರ್‌ಬಸ್ 2010ರ ಡಿಸೆಂಬರ್‌ನಲ್ಲಿ ಇಂಧನ ಉಳಿಸುವ ಹೊಸ ಎಂಜಿನ್‌ಗಳ ಎ320 ನಿಯೋ ವಿಮಾನವನ್ನು ಪ್ರಕಟಿಸಿತು. ಗಿರಾಕಿಗಳು ಕೈಬಿಟ್ಟು ಹೋಗುವ ಭಯದಲ್ಲಿ ಬೋಯಿಂಗ್ 2011ರಲ್ಲಿ ಹೊಚ್ಚ ಹೊಸ ವಿಮಾನದ ಬದಲು ಹಳೆಯ 737ಕ್ಕೇ ದೊಡ್ಡ ಎಂಜಿನ್ ಜೋಡಿಸಲು ತೀರ್ಮಾನಿಸಿತು. ನೆಲಕ್ಕೆ ಹತ್ತಿರವಾಗಿ ನಿಲ್ಲುವ ಆ ವಿಮಾನದ ರೆಕ್ಕೆಯ ಕೆಳಗೆ ದೊಡ್ಡ ಎಂಜಿನ್‌ಗೆ ಜಾಗ ಸಾಲದು. ಹಾಗಾಗಿ ಅದನ್ನು ಸ್ವಲ್ಪ ಮುಂದಕ್ಕೆ, ಸ್ವಲ್ಪ ಮೇಲಕ್ಕೆ ಕೂರಿಸಲಾಯಿತು. ಇದರಿಂದ ಕೆಲವು ಸಂದರ್ಭಗಳಲ್ಲಿ ವಿಮಾನದ ಮೂತಿ ಹೆಚ್ಚು ಮೇಲೇಳುವ ಸ್ವಭಾವ ಬಂತು. ಅದನ್ನು ತಡೆಯಲು, ಪೈಲಟ್ ಕೈಹಾಕದೆ ತಾನಾಗಿಯೇ ಮೂತಿಯನ್ನು ಕೆಳಗಿಳಿಸುವ ತಂತ್ರಾಂಶವನ್ನು ಅಳವಡಿಸಿದರು. ಅದೇ ಎಂಕ್ಯಾಸ್.

ಗಾಳಿಗೆ ಎದುರಾಗಿ ವಿಮಾನ ಎಷ್ಟು ಕೋನದಲ್ಲಿದೆ ಎಂದು ಅಳೆಯುವ ಎರಡು ಸೆನ್ಸರ್‌ಗಳು ವಿಮಾನದ ಮೂತಿಯ ಎರಡು ಬದಿಯಲ್ಲಿವೆ. ಎಂಕ್ಯಾಸ್ ನಂಬಿದ್ದು ಅವುಗಳಲ್ಲಿ ಒಂದನ್ನು ಮಾತ್ರ. ಆ ಒಂದು ಸೆನ್ಸರ್ ತಪ್ಪು ಹೇಳಿದರೆ ಸರಿಯಾಗಿ ಹಾರುತ್ತಿರುವ ವಿಮಾನವೂ ಮತ್ತೆ ಮತ್ತೆ ಕೆಳಮುಖವಾಗುತ್ತದೆ. ಎರಡೂ ದುರಂತಗಳಲ್ಲಿ ಆಗಿದ್ದು ಅದೇ.

ಇದಕ್ಕಿಂತಲೂ ದೊಡ್ಡ ತಪ್ಪು ಇನ್ನೊಂದಿದೆ. ಈ ವ್ಯವಸ್ಥೆ ಇದೆ ಎಂಬುದನ್ನೇ ಪೈಲಟ್‌ಗಳಿಗೆ ಹೇಳಿರಲಿಲ್ಲ. ಅವರ ಕೈಪಿಡಿಯಲ್ಲಿ ಅದರ ವಿವರಣೆ ಇರಲಿಲ್ಲ. ಹಳೆಯ 737 ನಡೆಸುವವರು ಸಿಮ್ಯುಲೇಟರ್‌ನಲ್ಲಿ ಹೊಸ ತರಬೇತಿ ಪಡೆಯದೆ ಇದನ್ನೂ ನಡೆಸಬಹುದು ಎಂಬುದೇ ಮ್ಯಾಕ್ಸ್ ಮಾರಾಟದ ಮುಖ್ಯ ಆಕರ್ಷಣೆಯಾಗಿತ್ತು. ಸಿಮ್ಯುಲೇಟರ್ ತರಬೇತಿ ಬೇಕಾದರೆ ಪ್ರತಿ ವಿಮಾನಕ್ಕೆ 10 ಲಕ್ಷ ಡಾಲರ್ ರಿಯಾಯಿತಿ ಕೊಡುವುದಾಗಿ ಸೌತ್‌ವೆಸ್ಟ್ ಏರ್‌ಲೈನ್ಸ್‌ಗೆ ಬೋಯಿಂಗ್ ಒಪ್ಪಂದ ಬರೆದುಕೊಟ್ಟಿತ್ತು. ಸತ್ಯ ಹೇಳುವುದಕ್ಕೆ ಹೀಗೆ ಮೊದಲೇ ಒಂದು ಬೆಲೆ ನಿಗದಿಯಾಗಿತ್ತು.

ಆ 132 ದಿನಗಳು

ಮೊದಲ ದುರಂತಕ್ಕೂ ಎರಡನೆಯದಕ್ಕೂ ನಡುವೆ 132 ದಿನಗಳ ಅಂತರವಿದೆ. ಈ ಲೇಖನದ ಮಟ್ಟಿಗೆ ಅತಿ ಮುಖ್ಯವಾದ ಅವಧಿ ಅದು.

ಮೊದಲ ದುರಂತದಲ್ಲಿ ಹಲವರ ಪಾಲು ಇತ್ತೆಂಬುದು ನಿಜ. ಇಂಡೋನೇಷ್ಯಾದ ತನಿಖಾಧಿಕಾರಿಗಳು ಒಂಬತ್ತು ಕಾರಣಗಳನ್ನು ಪಟ್ಟಿಮಾಡಿದರು. ಸೆನ್ಸರ್ ಸರಿಯಾಗಿ ದುರಸ್ತಿಯಾಗಿರಲಿಲ್ಲ. ಹಿಂದಿನ ದಿನದ ಹಾರಾಟದಲ್ಲಿ ಅದೇ ವಿಮಾನ ಅದೇ ತೊಂದರೆ ಕೊಟ್ಟಿದ್ದರೂ ಪೂರ್ಣ ವಿವರ ದಾಖಲಾಗಿರಲಿಲ್ಲ. ಆದ್ದರಿಂದ ಎಲ್ಲ ಭಾರವನ್ನು ಒಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಆದರೆ ಆ ಬಳಿಕ ತಿಳಿಯಲಿಲ್ಲ ಎನ್ನುವಂತಿರಲಿಲ್ಲ. 2018ರ ನವೆಂಬರ್ ಮೊದಲ ವಾರದಲ್ಲೇ ಬೋಯಿಂಗ್ ಪೈಲಟ್‌ಗಳಿಗೆ ಎಚ್ಚರಿಕೆಯ ಸೂಚನೆ ಕಳುಹಿಸಿತು. ಡಿಸೆಂಬರ್‌ನಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಒಂದು ಲೆಕ್ಕ ಹಾಕಿತು. ದೋಷ ಸರಿಪಡಿಸದಿದ್ದರೆ ಈ ಮಾದರಿಯ ವಿಮಾನಗಳ ಒಟ್ಟು ಆಯುಷ್ಯದಲ್ಲಿ ಸುಮಾರು 15 ಮಾರಣಾಂತಿಕ ಅಪಘಾತಗಳು ಆಗಬಹುದು ಎಂದು ಆ ಲೆಕ್ಕ ಹೇಳುತ್ತಿತ್ತು. ಆದರೂ ವಿಮಾನಗಳನ್ನು ನಿಲ್ಲಿಸಲಿಲ್ಲ. ತಂತ್ರಾಂಶ ತಿದ್ದುವವರೆಗೆ ಪೈಲಟ್‌ಗಳು ನಿಭಾಯಿಸುತ್ತಾರೆ ಎಂದು ನಂಬಿ ಕುಳಿತರು. ಇನ್ನು ಕೆಲವರು ಬಡದೇಶಗಳ ಪೈಲಟ್‌ಗಳಿಗೆ ತರಬೇತಿ ಸಾಲದು ಎಂದು ಬೆರಳು ತೋರಿಸಿದರು.

ಇಥಿಯೋಪಿಯಾದ ದುರಂತದ ಬಳಿಕ ಚೀನಾ ಮರುದಿನವೇ ಮ್ಯಾಕ್ಸ್ ವಿಮಾನಗಳನ್ನು ಕೆಳಗಿಳಿಸಿತು. ನಮ್ಮ ಭಾರತವೂ ಎರಡು ದಿನಗಳಲ್ಲಿ ಅದೇ ತೀರ್ಮಾನಕ್ಕೆ ಬಂತು. ಅಮೆರಿಕ ಒಪ್ಪಿದ್ದು ಮಾರ್ಚ್ 13ರಂದು. ಬಳಿಕ 20 ತಿಂಗಳಿಗೂ ಹೆಚ್ಚು ಕಾಲ ಅಲ್ಲಿ ಈ ವಿಮಾನ ಪ್ರಯಾಣಿಕರನ್ನು ಹೊತ್ತು ಹಾರಲಿಲ್ಲ. ಇಂದು ಮ್ಯಾಕ್ಸ್‌ನಲ್ಲಿ ಎಂಕ್ಯಾಸ್ ಎರಡೂ ಸೆನ್ಸರ್‌ಗಳನ್ನು ಹೋಲಿಸಿ ನೋಡುತ್ತದೆ, ಪೈಲಟ್‌ಗಳಿಗೆ ಸಿಮ್ಯುಲೇಟರ್ ತರಬೇತಿ ಕಡ್ಡಾಯವಾಗಿದೆ. ಮೊದಲೇ ಮಾಡಬಹುದಾಗಿದ್ದ ಕೆಲಸವಿದು. 157 ಜೀವಗಳು ಆ ವಿಳಂಬಕ್ಕೆ ಬಲಿಯಾದವು.

ಹೇಳಿದವರ ಗತಿ

ಒಳಗಿನಿಂದ ಯಾರೂ ಮಾತಾಡಲಿಲ್ಲವೇ? ಮಾತಾಡಿದವರಿದ್ದರು. 737 ತಯಾರಾಗುವ ರೆಂಟನ್ ಕಾರ್ಖಾನೆಯಲ್ಲಿ ಹಿರಿಯ ವ್ಯವಸ್ಥಾಪಕರಾಗಿದ್ದ ಎಡ್ ಪಿಯರ್ಸನ್ 2018ರ ಜೂನ್‌ನಲ್ಲಿ, ಅಂದರೆ ಮೊದಲ ದುರಂತಕ್ಕೆ ನಾಲ್ಕು ತಿಂಗಳು ಮೊದಲು, ಮೇಲಧಿಕಾರಿಗೆ ಪತ್ರ ಬರೆದರು. ಕಾರ್ಮಿಕರು ದಣಿದಿದ್ದಾರೆ, ತರಾತುರಿಯಲ್ಲಿ ತಪ್ಪುಗಳಾಗುತ್ತಿವೆ, ಸ್ವಲ್ಪ ಕಾಲ ಉತ್ಪಾದನೆ ನಿಲ್ಲಿಸಿ ಎಂದು ಬೇಡಿಕೊಂಡರು. ನನ್ನ ಕುಟುಂಬವನ್ನು ಬೋಯಿಂಗ್ ವಿಮಾನದಲ್ಲಿ ಕಳುಹಿಸಲು ಮೊದಲ ಬಾರಿಗೆ ಹಿಂಜರಿಕೆಯಾಗುತ್ತಿದೆ ಎಂದೂ ಬರೆದರು. ಉತ್ಪಾದನೆ ನಿಲ್ಲಲಿಲ್ಲ. ತಿಂಗಳಿಗೆ 47 ಇದ್ದದ್ದು 52 ವಿಮಾನಗಳಿಗೆ ಏರಿತು.

ದಕ್ಷಿಣ ಕೆರೊಲಿನಾದ ಕಾರ್ಖಾನೆಯಲ್ಲಿ ಗುಣಮಟ್ಟ ವ್ಯವಸ್ಥಾಪಕರಾಗಿದ್ದ ಜಾನ್ ಬಾರ್ನೆಟ್ 787 ವಿಮಾನಗಳ ತಯಾರಿಕೆಯಲ್ಲಿನ ಲೋಪಗಳ ಬಗ್ಗೆ ದೂರು ಕೊಟ್ಟವರು. ಅದಕ್ಕಾಗಿ ತಮಗೆ ಕಿರುಕುಳವಾಯಿತೆಂದು ಅವರು ಹೂಡಿದ್ದ ದಾವೆಯಲ್ಲಿ ಹೇಳಿಕೆ ಕೊಡುತ್ತಿದ್ದಾಗಲೇ, 2024ರ ಮಾರ್ಚ್‌ನಲ್ಲಿ, ಪ್ರಾಣ ಕಳೆದುಕೊಂಡರು. ಅದು ಆತ್ಮಹತ್ಯೆ ಎಂದು ಪೊಲೀಸರು ತೀರ್ಮಾನಿಸಿದರು. ಸತ್ಯ ಹೇಳಿದವರು ಎಷ್ಟು ಒಂಟಿಯಾಗುತ್ತಾರೆ ಎಂಬುದನ್ನು ಆ ಸಾವು ನೆನಪಿಸುತ್ತದೆ.

ಈ ಕಿವುಡುತನಕ್ಕೆ ಹಣದ ಲೆಕ್ಕವೂ ಒಂದು ಕಾರಣ. 1997ರಲ್ಲಿ ಮ್ಯಾಕ್‌ಡೊನೆಲ್ ಡಗ್ಲಸ್ ಕಂಪನಿಯೊಂದಿಗೆ ವಿಲೀನವಾದ ನಂತರ ಎಂಜಿನಿಯರ್‌ಗಳ ಕಂಪನಿ ಲೆಕ್ಕಿಗರ ಕಂಪನಿಯಾಯಿತು ಎಂಬ ದೂರು ಅಲ್ಲಿನ ಹಳಬರದ್ದು. 2001ರಲ್ಲಿ ಪ್ರಧಾನ ಕಚೇರಿ ಕಾರ್ಖಾನೆಗಳಿದ್ದ ಸಿಯಾಟಲ್ ಬಿಟ್ಟು ದೂರದ ಷಿಕಾಗೊಗೆ ಹೋಯಿತು. 2013ರಿಂದ 2019ರವರೆಗೆ ಸಂಸ್ಥೆ ಸುಮಾರು 43 ಬಿಲಿಯನ್ ಡಾಲರ್ ವೆಚ್ಚ ಮಾಡಿ ತನ್ನದೇ ಷೇರುಗಳನ್ನು ಮರಳಿ ಕೊಂಡಿತು. ಷೇರಿನ ಬೆಲೆ ಏರಿದರೆ ಹೂಡಿಕೆದಾರರಿಗೆ ಲಾಭ, ಅಧಿಕಾರಿಗಳಿಗೂ ಲಾಭ. ಲಾಭ ಗಳಿಸುವುದು ಪಾಪವೆಂದು ಧರ್ಮಸಭೆ ಎಂದೂ ಹೇಳಿಲ್ಲ. ಸಂತ ಪೋಪ್ ಎರಡನೆಯ ಜಾನ್ ಪಾಲ್ ಅವರು 1991ರ 'ಚೆಂತೆಸಿಮುಸ್ ಆನ್ನುಸ್' ವಿಶ್ವಪರಿಪತ್ರದಲ್ಲಿ ಲಾಭಕ್ಕೆ ನ್ಯಾಯಯುತ ಸ್ಥಾನವಿದೆ ಎಂದೇ ಬೋಧಿಸಿದರು. ಆದರೆ ಲೆಕ್ಕ ಸರಿಯಿದ್ದೂ, ಸಂಸ್ಥೆಯ ನಿಜವಾದ ಆಸ್ತಿಯಾದ ಮನುಷ್ಯರು ಅಲ್ಲಿ ಅವಮಾನಿತರಾಗಬಹುದು ಎಂದೂ ಎಚ್ಚರಿಸಿದರು. ಪಿಯರ್ಸನ್ ಅವರ ಪತ್ರ ಆ ಮಾತಿಗೆ ಸಾಕ್ಷಿಯಂತಿದೆ.

ಬೋಲ್ಟೂ ಇಲ್ಲ, ದಾಖಲೆಯೂ ಇಲ್ಲ

2021ರ ಜನವರಿ 7ರಂದು ಅಮೆರಿಕದ ನ್ಯಾಯಾಂಗ ಇಲಾಖೆ ಬೋಯಿಂಗ್‌ನೊಂದಿಗೆ ಒಪ್ಪಂದ ಮಾಡಿಕೊಂಡಿತು. ಎಂಕ್ಯಾಸ್ ವಿಷಯದಲ್ಲಿ ಎಫ್‌ಎಎಯನ್ನು ವಂಚಿಸಿದ ಆರೋಪವನ್ನು ಮೂರು ವರ್ಷ ತಡೆಹಿಡಿಯುವುದು, ಅಷ್ಟರಲ್ಲಿ ಸಂಸ್ಥೆ ತಿದ್ದಿಕೊಂಡರೆ ಕೈಬಿಡುವುದು ಎಂದು ಶರತ್ತು. ಒಟ್ಟು 2.5 ಬಿಲಿಯನ್ ಡಾಲರ್ ಪಾವತಿಯಲ್ಲಿ 1.77 ಬಿಲಿಯನ್ ವಿಮಾನಯಾನ ಕಂಪನಿಗಳಿಗೆ, 500 ಮಿಲಿಯನ್ ಮೃತರ ಕುಟುಂಬಗಳಿಗೆ ಸಂದಿತು. ಮಕ್ಕಳನ್ನು ಕಳಕೊಂಡವರಿಗೆ ಕೊಟ್ಟದ್ದಕ್ಕಿಂತ ವ್ಯಾಪಾರ ಕಳಕೊಂಡವರಿಗೆ ಕೊಟ್ಟದ್ದು ಮೂರು ಪಟ್ಟು ಹೆಚ್ಚು!

ಆ ಮೂರು ವರ್ಷ ಮುಗಿಯಲು ಎರಡೇ ದಿನ ಬಾಕಿಯಿತ್ತು. 2024ರ ಜನವರಿ 5ರಂದು ಪೋರ್ಟ್‌ಲ್ಯಾಂಡ್‌ನಿಂದ ಹೊರಟ ಅಲಾಸ್ಕಾ ಏರ್‌ಲೈನ್ಸ್‌ನ ಮ್ಯಾಕ್ಸ್ ವಿಮಾನದ ಬದಿಯಲ್ಲಿ, ಬಾಗಿಲಿನ ಜಾಗ ಮುಚ್ಚುವ ಫಲಕವೊಂದು ಸುಮಾರು 16 ಸಾವಿರ ಅಡಿ ಎತ್ತರದಲ್ಲಿ ಕಿತ್ತು ಹೋಯಿತು. ಅದರ ಪಕ್ಕದ ಆಸನ ಖಾಲಿಯಿತ್ತು. ದೇವರ ದಯೆಯಿಂದ 177 ಮಂದಿಯೂ ಬದುಕಿದರು. ತನಿಖೆಯಲ್ಲಿ ಕಂಡದ್ದು ಇಷ್ಟು: ಫಲಕವನ್ನು ಹಿಡಿದಿಡಬೇಕಾದ ನಾಲ್ಕು ಬೋಲ್ಟ್‌ಗಳು ಇರಲೇ ಇಲ್ಲ. ಕಾರ್ಖಾನೆಯಲ್ಲಿ ರಿಪೇರಿಗೆಂದು ಫಲಕ ತೆಗೆದು ಮತ್ತೆ ಕೂರಿಸುವಾಗ ಅವನ್ನು ಹಾಕಿರಲಿಲ್ಲ. ಯಾರು ತೆಗೆದರು, ಯಾರು ಹಾಕಿದರು ಎಂಬುದಕ್ಕೆ ದಾಖಲೆಯೂ ಇರಲಿಲ್ಲ.

ಪಶ್ಚಾತ್ತಾಪ, ನಿವೇದನೆ, ಪ್ರಾಯಶ್ಚಿತ್ತ

ಪಾಪನಿವೇದನಾ ಸಂಸ್ಕಾರಕ್ಕೆ ಬರುವವರಿಂದ ಧರ್ಮಸಭೆ ಮೂರನ್ನು ಕೇಳುತ್ತದೆ. ಮನಸ್ಸಿನಲ್ಲಿ ಪಶ್ಚಾತ್ತಾಪ, ಬಾಯಿಂದ ನಿವೇದನೆ, ಕೃತಿಯಲ್ಲಿ ಪ್ರಾಯಶ್ಚಿತ್ತ. ಧರ್ಮೋಪದೇಶದ ತರಗತಿಯಲ್ಲಿ ನಮ್ಮ ಮಕ್ಕಳೂ ಇದನ್ನು ಕಲಿಯುತ್ತಾರೆ. ಬೋಯಿಂಗ್ ಪ್ರಕರಣವನ್ನು ಈ ಮೂರರ ಎದುರು ಇಟ್ಟು ನೋಡೋಣ.

ಪಶ್ಚಾತ್ತಾಪದ ಮಾತುಗಳು ಕೇಳಿಬಂದವು. 2024ರ ಜೂನ್ 18ರಂದು ಆಗಿನ ಮುಖ್ಯಾಧಿಕಾರಿ ಡೇವ್ ಕ್ಯಾಲ್ಹೌನ್ ಸೆನೆಟ್ ವಿಚಾರಣೆಯಲ್ಲಿ ಎದ್ದುನಿಂತು, ಮೃತರ ಭಾವಚಿತ್ರ ಹಿಡಿದು ಕುಳಿತಿದ್ದ ಕುಟುಂಬದವರತ್ತ ತಿರುಗಿ ಕ್ಷಮೆ ಕೇಳಿದರು. ಅದನ್ನು ನಾಟಕವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಇಥಿಯೋಪಿಯಾ ದುರಂತದ ಸಿವಿಲ್ ದಾವೆಗಳಲ್ಲಿ ಸಂಸ್ಥೆ 2021ರ ನವೆಂಬರ್‌ನಲ್ಲೇ ಹೊಣೆ ಒಪ್ಪಿಕೊಂಡಿತ್ತು. ಆ ದುರಂತದಲ್ಲಿ ತೀರಿಕೊಂಡ ದೆಹಲಿಯ ಯುವತಿಯೊಬ್ಬಳ ಕುಟುಂಬಕ್ಕೆ 28 ಮಿಲಿಯನ್ ಡಾಲರ್‌ಗೂ ಹೆಚ್ಚು ಪರಿಹಾರ ಕೊಡಬೇಕೆಂದು ಷಿಕಾಗೊದ ಜ್ಯೂರಿ 2025ರ ನವೆಂಬರ್‌ನಲ್ಲಿ ತೀರ್ಪಿತ್ತಿತು.

ನಿವೇದನೆ ಮಾತ್ರ ಪೂರ್ಣವಾಗಲಿಲ್ಲ. 2024ರ ಮೇ ತಿಂಗಳಲ್ಲಿ ನ್ಯಾಯಾಂಗ ಇಲಾಖೆ, ಬೋಯಿಂಗ್ ಒಪ್ಪಂದ ಮುರಿದಿದೆ ಎಂದಿತು. ಜುಲೈಯಲ್ಲಿ ಸಂಸ್ಥೆ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಳ್ಳಲು ಸಿದ್ಧವಾಯಿತು. ಡಿಸೆಂಬರ್‌ನಲ್ಲಿ ಟೆಕ್ಸಾಸ್‌ನ ನ್ಯಾಯಾಧೀಶ ರೀಡ್ ಒ'ಕಾನರ್ ಆ ಒಪ್ಪಂದವನ್ನು ತಿರಸ್ಕರಿಸಿದರು. 2025ರ ಮೇ ತಿಂಗಳಲ್ಲಿ ಸರಕಾರವೇ ಹಿಂದೆ ಸರಿದು, ಮೊಕದ್ದಮೆ ಬೇಡ ಎಂಬ ಹೊಸ ಒಪ್ಪಂದಕ್ಕೆ ಬಂತು. 1.1 ಬಿಲಿಯನ್ ಡಾಲರ್ ಪಾವತಿ ಮತ್ತು ಹೂಡಿಕೆ, ಅದರಲ್ಲಿ ಕುಟುಂಬಗಳಿಗೆ ಇನ್ನೂ 444.5 ಮಿಲಿಯನ್. ಸ್ವತಂತ್ರ ಮೇಲ್ವಿಚಾರಕರ ಬದಲು ಸಂಸ್ಥೆಯೇ ನೇಮಿಸುವ ಸಲಹೆಗಾರ. ಹಲವು ಕುಟುಂಬಗಳು ವಿರೋಧಿಸಿದವು. ಅದೇ ವರ್ಷದ ನವೆಂಬರ್ 6ರಂದು ನ್ಯಾಯಾಧೀಶರು, ಈ ಒಪ್ಪಂದದಲ್ಲಿ ಹೊಣೆಗಾರಿಕೆ ಸಾಲದು ಎನ್ನುತ್ತಲೇ, ಕಾನೂನು ತಮ್ಮ ಕೈ ಕಟ್ಟಿದೆ ಎಂದು ಪ್ರಕರಣ ಮುಗಿಸಿದರು. ವ್ಯಕ್ತಿಯಾಗಿ ಆರೋಪ ಎದುರಿಸಿದವರು ಒಬ್ಬ ಮಾಜಿ ಪೈಲಟ್ ಮಾತ್ರ. ಅವರನ್ನು 2022ರಲ್ಲಿ ಜ್ಯೂರಿ ನಿರ್ದೋಷಿ ಎಂದಿತು. 2019ರ ಕೊನೆಗೆ ಹುದ್ದೆ ಕಳಕೊಂಡ ಮುಖ್ಯಾಧಿಕಾರಿ ಡೆನಿಸ್ ಮ್ಯೂಲೆನ್‌ಬರ್ಗ್ ಸುಮಾರು 62 ಮಿಲಿಯನ್ ಡಾಲರ್ ಮೌಲ್ಯದ ಸವಲತ್ತುಗಳೊಂದಿಗೆ ಹೊರನಡೆದರು.

ಹಾಗಾದರೆ ತಪ್ಪು ಮಾಡಿದವರು ಯಾರು? ಸಂಸ್ಥೆ. ಸಂಸ್ಥೆ ಎಂದರೆ ಯಾರು? ಯಾರೂ ಅಲ್ಲ! ಇಲ್ಲಿ ಧರ್ಮಸಭೆಯ ಬೋಧನೆ ನಮಗೆ ದಾರಿ ತೋರುತ್ತದೆ. ಎರಡನೆಯ ಜಾನ್ ಪಾಲ್ ಅವರು 1987ರ 'ಸೊಲ್ಲಿಚಿತೂದೊ ರೇಯಿ ಸೊಚಿಯಾಲಿಸ್' ಪರಿಪತ್ರದಲ್ಲಿ ಪಾಪದ ರಚನೆಗಳ ಬಗ್ಗೆ ಬರೆದರು. ವ್ಯವಸ್ಥೆಯೇ ಕೆಟ್ಟು ನಿಲ್ಲುವುದುಂಟು, ಆದರೆ ಅದರ ಬೇರು ಸದಾ ವ್ಯಕ್ತಿಗಳ ಪಾಪದಲ್ಲಿದೆ ಎಂಬುದು ಅದರ ಸಾರ. ಒಬ್ಬರು ಸಹಿ ಹಾಕಿದರು, ಇನ್ನೊಬ್ಬರು ಸುಮ್ಮನಿದ್ದರು, ಮತ್ತೊಬ್ಬರು ಪತ್ರ ಓದಿ ಬದಿಗಿಟ್ಟರು. ಪ್ರತಿಯೊಬ್ಬರ ಪಾಲೂ ಸಣ್ಣದು. ಕೂಡಿದಾಗ 346 ಶವಪೆಟ್ಟಿಗೆಗಳು.

ಪ್ರಾಯಶ್ಚಿತ್ತ ಇನ್ನೂ ನಡೆಯುತ್ತಿದೆ ಎನ್ನಬೇಕು. 2024ರ ಆಗಸ್ಟ್‌ನಲ್ಲಿ ಕೆಲ್ಲಿ ಓರ್ಟ್‌ಬರ್ಗ್ ಮುಖ್ಯಾಧಿಕಾರಿಯಾದರು. ಆ ವರ್ಷ ಸಂಸ್ಥೆಗೆ ಸುಮಾರು 11.8 ಬಿಲಿಯನ್ ಡಾಲರ್ ನಷ್ಟ. 33 ಸಾವಿರ ಕಾರ್ಮಿಕರು ಏಳು ವಾರ ಮುಷ್ಕರ ಹೂಡಿದರು. ತಿಂಗಳಿಗೆ 38ಕ್ಕಿಂತ ಹೆಚ್ಚು ಮ್ಯಾಕ್ಸ್ ತಯಾರಿಸಬಾರದೆಂದು ಕಟ್ಟಿದ್ದ ಮಿತಿಯನ್ನು ಎಫ್‌ಎಎ 2025ರ ಅಕ್ಟೋಬರ್‌ನಲ್ಲಿ 42ಕ್ಕೆ ಸಡಿಲಿಸಿತು. 2005ರಲ್ಲಿ ಬೇರ್ಪಡಿಸಿ ಮಾರಿದ್ದ ವಿಮಾನದ ಒಡಲು ತಯಾರಿಸುವ ಘಟಕವನ್ನು 2025ರ ಡಿಸೆಂಬರ್‌ನಲ್ಲಿ ಬೋಯಿಂಗ್ ಮರಳಿ ಕೊಂಡಿತು. ಇವು ಒಳ್ಳೆಯ ಲಕ್ಷಣಗಳು. ಆದರೂ ಜಕ್ಕಾಯನ ಕಥೆ ನೆನಪಾಗುತ್ತದೆ. ಅವನು ವಂಚಿಸಿದ್ದಕ್ಕೆ ನಾಲ್ಕು ಪಟ್ಟು ಹಿಂದಿರುಗಿಸಲು ಮುಂದಾದ. ಅದೂ ಎಲ್ಲರ ಎದುರು, ಯಾರೂ ಮೊಕದ್ದಮೆ ಹೂಡದೆ.

ನಮ್ಮ ಮನೆಯಂಗಳದಲ್ಲಿ

ಕರಾವಳಿಯ ನಮಗೆ ವಿಮಾನ ದುರಂತವೆಂದರೆ 2010ರ ಮೇ 22. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆ ನಿಲ್ದಾಣದ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ತೀರಿಕೊಂಡರು, ಎಂಟು ಮಂದಿ ಉಳಿದರು. ಅದು ಕೂಡ ಬೋಯಿಂಗ್ 737, ಆದರೆ ಮ್ಯಾಕ್ಸ್‌ಗಿಂತ ಹಿಂದಿನ ಮಾದರಿ. ಅಲ್ಲಿ ವಿಮಾನದ ದೋಷವಿರಲಿಲ್ಲ. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಎಚ್ಚರಿಸಿದ್ದರೂ ಕ್ಯಾಪ್ಟನ್ ಇಳಿಸಲು ಹೋದರು ಎಂಬುದು ತನಿಖೆಯಲ್ಲಿ ಹೊರಬಂತು. ಕಿರಿಯರ ಎಚ್ಚರಿಕೆಯನ್ನು ಹಿರಿಯರು ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮಗೆ ರೆಂಟನ್‌ವರೆಗೆ ಹೋಗಬೇಕಾಗಿಲ್ಲ.

2025ರ ಜೂನ್ 12ರ ಅಹಮದಾಬಾದ್ ದುರಂತವನ್ನೂ ಹಲವರು ಇದರೊಂದಿಗೆ ಸೇರಿಸಿ ಮಾತಾಡುತ್ತಾರೆ. 260 ಮಂದಿಯನ್ನು ಬಲಿ ತೆಗೆದುಕೊಂಡ ಆ ವಿಮಾನವೂ ಬೋಯಿಂಗ್ 787 ಎಂಬುದು ನಿಜ. ಆದರೆ ಜುಲೈಯ ಪ್ರಾಥಮಿಕ ವರದಿಯಲ್ಲಿ ತಯಾರಕರಿಗೆ ಯಾವ ಕ್ರಮವನ್ನೂ ಶಿಫಾರಸು ಮಾಡಿರಲಿಲ್ಲ. ಸತ್ಯದ ಪರ ನಿಲ್ಲುವವರು ಊಹೆಯನ್ನು ಸತ್ಯವೆಂದು ಹಂಚಬಾರದು.

ಬೋಯಿಂಗ್ ನಮ್ಮ ರಾಜ್ಯಕ್ಕೂ ಹೊರಗಿನದಲ್ಲ. ಬೆಂಗಳೂರು ಬಳಿಯ ದೇವನಹಳ್ಳಿಯಲ್ಲಿ 1,600 ಕೋಟಿ ರೂಪಾಯಿ ವೆಚ್ಚದ ಅದರ ಎಂಜಿನಿಯರಿಂಗ್ ಕೇಂದ್ರ 2024ರ ಜನವರಿಯಲ್ಲಿ ಉದ್ಘಾಟನೆಯಾಯಿತು. ನಮ್ಮ ಧರ್ಮಕೇಂದ್ರಗಳ ಯುವಜನರು ಇಂಥ ಕಚೇರಿಗಳಲ್ಲಿ ಕೆಲಸಕ್ಕೆ ಸೇರುತ್ತಾರೆ. ಒಂದು ದಿನ ಅವರ ಮೇಜಿಗೂ ಸಹಿ ಬೇಡುವ ಕಾಗದವೊಂದು ಬರಬಹುದು. ಆಗ ಏನು ಮಾಡಬೇಕು ಎಂದು ನಾವು ಅವರಿಗೆ ಕಲಿಸಿದ್ದೇವೆಯೇ?

ಕಲಿಸುವ ಮೊದಲು ಧರ್ಮಗುರುಗಳಾದ ನಾವು ತಲೆತಗ್ಗಿಸಬೇಕು. ಸಂಸ್ಥೆಯ ಹೆಸರು ಉಳಿಸಲು ತಪ್ಪು ಮುಚ್ಚಿಡುವ ಪಾಪವನ್ನು ಧರ್ಮಸಭೆಯೂ ಮಾಡಿದೆ. ಮಕ್ಕಳ ಮೇಲೆ ಗುರುಗಳಿಂದ ನಡೆದ ದೌರ್ಜನ್ಯವನ್ನು ಅಡಗಿಸಿಟ್ಟ ವಿಷಯ 2002ರಲ್ಲಿ ಬಾಸ್ಟನ್‌ನಲ್ಲಿ ಬಯಲಾದಾಗ ಅಲ್ಲಿಯೂ ಕೇಳಿದ್ದು ಇದೇ ಕಥೆ. ದೂರುಗಳು ಬಂದಿದ್ದವು, ಓದಿದವರಿದ್ದರು, ಮುಂದಿನ ಮಗುವಿಗೆ ರಕ್ಷಣೆ ಸಿಗಲಿಲ್ಲ. ಪೋಪ್ ಫ್ರಾನ್ಸಿಸ್ 2019ರ ಮೇ ತಿಂಗಳಲ್ಲಿ 'ವೋಸ್ ಎಸ್ತಿಸ್ ಲೂಕ್ಸ್ ಮುಂದಿ' ಆದೇಶದ ಮೂಲಕ, ಇಂಥ ದೂರು ತಿಳಿದ ಗುರುಗಳು ಮತ್ತು ಧಾರ್ಮಿಕರು ಅದನ್ನು ಮೇಲಧಿಕಾರಿಗೆ ತಿಳಿಸಲೇಬೇಕೆಂದು ಕಡ್ಡಾಯ ಮಾಡಿದರು. ದೂರು ಕೊಟ್ಟವರಿಗೆ ಕಿರುಕುಳ ಕೊಡಬಾರದು, ಅವರ ಬಾಯಿ ಮುಚ್ಚಿಸಬಾರದು ಎಂದೂ ಅದರಲ್ಲಿದೆ. ಆ ನಿಯಮ ಬರುವಷ್ಟರಲ್ಲಿ ಎಷ್ಟು ಮಕ್ಕಳ ಬಾಳು ಹಾಳಾಗಿತ್ತು!

ಪ್ರಿಯ ಓದುಗರೇ, ನಮ್ಮ ಶಾಲೆ, ಆಸ್ಪತ್ರೆ, ಧರ್ಮಕೇಂದ್ರ, ಸಹಕಾರ ಸಂಘಗಳಲ್ಲಿಯೂ ಪಿಯರ್ಸನ್‌ರಂಥವರು ಇದ್ದಾರೆ. ಶಾಲಾ ಬಸ್ಸಿನ ಬ್ರೇಕ್ ಸರಿಯಿಲ್ಲ ಎನ್ನುವ ಚಾಲಕ, ಔಷಧದ ದಾಸ್ತಾನಿನಲ್ಲಿ ತಪ್ಪಿದೆ ಎನ್ನುವ ನರ್ಸ್, ಲೆಕ್ಕ ತಾಳೆಯಾಗುತ್ತಿಲ್ಲ ಎನ್ನುವ ಗುಮಾಸ್ತ. ಅವರು ಬಂದು ಬಾಗಿಲಲ್ಲಿ ನಿಂತಾಗ ನಾವು ಏನು ಹೇಳುತ್ತೇವೆ? "ಈಗ ಬೇಡ, ಹಬ್ಬ ಮುಗಿಯಲಿ" ಎನ್ನುತ್ತೇವೆಯೇ? "ಹೊರಗೆ ಹೇಳಬೇಡಿ, ಸಂಸ್ಥೆಯ ಮರ್ಯಾದೆ" ಎನ್ನುತ್ತೇವೆಯೇ? ಮುಂದಿನ ಪಾಲನಾ ಪರಿಷತ್ತಿನ ಸಭೆಯಲ್ಲಿ ಇದೊಂದು ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಿ: ನಮ್ಮಲ್ಲಿ ತಪ್ಪು ಕಂಡವರು ಯಾರಲ್ಲಿ ಹೇಳಬೇಕು, ಹೇಳಿದವರನ್ನು ಕಾಯುವವರು ಯಾರು?

ಆ ಅನಾಮಿಕ ಉದ್ಯೋಗಿಗೆ ದೇವರ ಕ್ಷಮೆಯ ಬಾಗಿಲು ಮುಚ್ಚಿರಲಿಲ್ಲ ಎಂದು ನಾವು ನಂಬುತ್ತೇವೆ. ಆದರೆ ಆ ಮಾತನ್ನು ಸಹೋದ್ಯೋಗಿಗೆ ಬರೆಯುವ ಬದಲು ವಿಮಾನ ನಿಲ್ಲಿಸುವ ಅಧಿಕಾರವಿದ್ದವರಿಗೆ ಹೇಳಿದ್ದರೆ, ಅವರೂ ಕೇಳಿದ್ದರೆ, ಎಷ್ಟು ಮನೆಗಳಲ್ಲಿ ಇಂದು ದೀಪ ಉರಿಯುತ್ತಿತ್ತು! ತೀರಿಕೊಂಡ 346 ಮಂದಿಯನ್ನೂ, ಸತ್ಯ ಹೇಳಿ ಒಂಟಿಯಾದವರನ್ನೂ ಈ ಭಾನುವಾರದ ಬಲಿಪೂಜೆಯಲ್ಲಿ ನೆನೆಯೋಣ.